ಪ್ರಾದೇಶಿಕ ವಿಮಾನದ ಕೋ-ಪೈಲಟ್ ಸಂಬಳ: ಬ್ಲಾಕ್ ಅವರ್ ಲೆಕ್ಕ ನ್ಯಾಯವೇ?

ಪ್ರಶ್ನೆ: ರಾಜಾಜಿನಗರ ನಿವೃತ್ತ

ಎಲ್ಲರಿಗೂ ನಮಸ್ಕಾರ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ನನಗೆ ಸಾಲದ ಲೆಕ್ಕ ಅರ್ಥವಾಗುತ್ತದೆ, ಆದರೆ ವಿಮಾನದ ಲೆಕ್ಕ ಅರ್ಥವಾಗುತ್ತಿಲ್ಲ. ನನ್ನ ಮಗಳು ಏಳು ತಿಂಗಳಿಂದ ಒಂದು ಪ್ರಾದೇಶಿಕ ವಿಮಾನ ಸಂಸ್ಥೆಯಲ್ಲಿ ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನದ ಕೋ-ಪೈಲಟ್ ಆಗಿದ್ದಾಳೆ. ಲೈಸೆನ್ಸಿನ ತರಬೇತಿಗೂ ಆ ಮಾದರಿಯ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗಿಗೂ ಸೇರಿ, ಮನೆಯನ್ನು ಅಡವಿಟ್ಟು 65 ಲಕ್ಷ ರೂಪಾಯಿ ಸಾಲ ಮಾಡಿದ್ದೇವೆ. ಶೇಕಡ ಹತ್ತೂವರೆ ಬಡ್ಡಿ, 15 ವರ್ಷದ ಅವಧಿ. ತಿಂಗಳ ಕಂತು ಸುಮಾರು 72 ಸಾವಿರ.

ಅವಳ ಸಂಬಳದಲ್ಲಿ ಒಂದು ಸ್ಥಿರ ಭಾಗವಿದೆ, ಇನ್ನೊಂದು ಹಾರಾಟದ ಭತ್ಯೆ. ಭತ್ಯೆಯನ್ನು ಬ್ಲಾಕ್ ಅವರ್ ಲೆಕ್ಕದಲ್ಲಿ, ಅಂದರೆ ವಿಮಾನ ಹೊರಟಲ್ಲಿಂದ ನಿಲ್ಲುವವರೆಗಿನ ಗಂಟೆಗಳಿಗೆ ಮಾತ್ರ, ಕೊಡುತ್ತಾರೆ. ಇದುವರೆಗೆ, ಹಾರಿಸಿದರೂ ಬಿಟ್ಟರೂ, ತಿಂಗಳಿಗೆ 70 ಗಂಟೆಯ ಭತ್ಯೆ ಖಾತರಿ ಎಂಬ ಷರತ್ತಿತ್ತು. ಈಗ ಬಂದಿರುವ ಹೊಸ ಒಪ್ಪಂದದಲ್ಲಿ ಖಾತರಿ 40 ಗಂಟೆಗೆ ಇಳಿದಿದೆ. ಪತ್ರಕ್ಕೆ ಸಹಿ ಹಾಕುವ ಮೊದಲು ಮುಂದಿನ ಸೋಮವಾರ ಒಂದು ಸಭೆ ಇದೆಯಂತೆ.

ಹಳೆಯ ಅಭ್ಯಾಸ ಬಿಡಲಾಗದೆ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ರಾಹುಕಾಲದ ಸಾಲಿನ ಕೆಳಗೆ, ಅವಳು ಮನೆ ಬಿಟ್ಟ ಹೊತ್ತನ್ನೂ ಮರಳಿದ ಹೊತ್ತನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಕಳೆದ ತಿಂಗಳು ಅವಳು ಕೆಲಸಕ್ಕೆಂದು ಮನೆಯಿಂದ ಹೊರಗಿದ್ದದ್ದು 190 ಗಂಟೆ. ಬ್ಲಾಕ್ ಅವರ್ ಎಂದು ದಾಖಲಾದದ್ದು 58. ದೇವನಹಳ್ಳಿಗೆ ಹೋಗಿಬರುವ ಹೊತ್ತನ್ನು ಕಳೆದರೂ ಅಂತರ ದೊಡ್ಡದೇ. ಅದರ ಹಿಂದಿನ ತಿಂಗಳು ಒಂದು ವಿಮಾನ ದುರಸ್ತಿಗೆ ನಿಂತಿದ್ದರಿಂದ ಅವಳಿಗೆ ಹಾರಿಸಲು ಸಿಕ್ಕದ್ದು 33 ಗಂಟೆ ಮಾತ್ರ. ನನ್ನ ಪ್ರಶ್ನೆ ಸಂಬಳ ಹೆಚ್ಚೋ ಕಡಿಮೆಯೋ ಎಂಬುದಲ್ಲ. ಈ ಅಳತೆಗೋಲೇ ಸರಿಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಎಡಸೀಟು

ಸರ್, ನಾನು ಹನ್ನೊಂದು ವರ್ಷದಿಂದ ಎಟಿಆರ್ ಹಾರಿಸುತ್ತಿದ್ದೇನೆ, ಈಗ ಕ್ಯಾಪ್ಟನ್. ನಿಮ್ಮ ಕ್ಯಾಲೆಂಡರಿನ ಅಂಕಿಗಳಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ವಿಮಾನ ಹಾರಾಟಕ್ಕೆಂದು ತನ್ನ ಜಾಗದಿಂದ ಅಲುಗಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಇಳಿದು ಪೂರ್ತಿ ನಿಂತ ಕ್ಷಣದವರೆಗಿನ ಸಮಯವೇ ಬ್ಲಾಕ್ ಅವರ್. ಅದಕ್ಕೆ ಮೊದಲು ಹವಾಮಾನ ನೋಡುವುದು, ಇಂಧನ ನಿರ್ಧರಿಸುವುದು, ವಿಮಾನದ ಸುತ್ತ ನಡೆದು ಪರೀಕ್ಷಿಸುವುದು, ಎರಡು ಸೆಕ್ಟರುಗಳ (ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಹಾರಾಟ) ನಡುವೆ ಪ್ರಯಾಣಿಕರು ಇಳಿದು ಹತ್ತುವವರೆಗೆ ಮುಂದಿನ ಹಾರಾಟದ ಸಿದ್ಧತೆ ಮಾಡುವುದು, ಇವು ಯಾವುವೂ ಆ ಗಡಿಯಾರದೊಳಗೆ ಬರುವುದಿಲ್ಲ. ದೊಡ್ಡ ಜೆಟ್‌ನವರಿಗೂ ನಿಯಮ ಇದೇ. ಆದರೆ ಪೆಟ್ಟು ಬೀಳುವುದು ನಮಗೆ.

ಒಂದು ಉದಾಹರಣೆ ನೋಡಿ. ಜೆಟ್ ಹಾರಿಸುವವರು ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದರು ಎನ್ನೋಣ. ಒಂದೊಂದು ದಾರಿಗೆ ಎರಡು ಮುಕ್ಕಾಲು ಗಂಟೆಯಂತೆ ಬ್ಲಾಕ್ ಐದೂವರೆ ಗಂಟೆ. ಮೊದಲಿನ ಒಂದು ಗಂಟೆ, ದೆಹಲಿಯಲ್ಲಿ ಕಾಯುವ ಮುಕ್ಕಾಲು ಗಂಟೆ, ಕೊನೆಯ ಕಾಗದಪತ್ರ ಎಲ್ಲ ಸೇರಿದರೆ ಡ್ಯೂಟಿ ಸುಮಾರು ಏಳೂವರೆ ಗಂಟೆ. ನಿಮ್ಮ ಮಗಳು ಅದೇ ದಿನ ಐವತ್ತು ನಿಮಿಷದ ಆರು ಸೆಕ್ಟರ್ ಮಾಡಿದರೆ ಬ್ಲಾಕ್ ಐದೇ ಗಂಟೆ. ನಡುವೆ ನಿಂತು ಮುಂದಿನ ಹಾರಾಟಕ್ಕೆ ಸಿದ್ಧವಾಗುವ ಐದು ಟರ್ನ್‌ಅರೌಂಡ್‌ಗಳೇ ಎರಡೂವರೆ ಗಂಟೆ ತಿನ್ನುತ್ತವೆ. ಡ್ಯೂಟಿ ಒಂಬತ್ತು ಗಂಟೆಯಾಗುತ್ತದೆ. ಅಂದರೆ ಒಂದೂವರೆ ಗಂಟೆ ಹೆಚ್ಚು ದುಡಿದು ಅರ್ಧ ಗಂಟೆ ಕಡಿಮೆ ಸಂಪಾದನೆ. ಹಾರಾಟದ ಕಠಿಣ ಭಾಗಗಳಾದ ಏರುವುದು ಮತ್ತು ಇಳಿಯುವುದು ಅವಳಿಗೆ ಆರಾರು ಸಲ. ಜೆಟ್‌ನವರಿಗೆ ಎರಡೆರಡು ಸಲ. ಜೂನ್ ಜುಲೈನಲ್ಲಿ ಘಟ್ಟದ ಅಂಚಿನ ಊರುಗಳಿಗೆ, ಮೋಡ ನೆಲಕ್ಕೆ ತಾಗುವಂತಿರುವಾಗ, ಅಡ್ಡಗಾಳಿಯಲ್ಲಿ ಇಳಿಸುವುದು ಹೇಗಿರುತ್ತದೆಂದು ಮಗಳನ್ನೇ ಕೇಳಿ. ಮನೆಯಲ್ಲಿ ಪೂರ್ತಿ ಹೇಳಿರಲಾರಳು.

ಹಾಗಾಗಿ ಖಾತರಿ ಗಂಟೆ ಎಂಬುದು ಸಂಸ್ಥೆ ತೋರುವ ಔದಾರ್ಯವಲ್ಲ. ಲೆಕ್ಕಕ್ಕೆ ಸಿಗದ ಈ ಕೆಲಸಕ್ಕೆ ಒಟ್ಟಾರೆಯಾಗಿ ಕೊಡುತ್ತಿದ್ದ ಕೂಲಿ ಅದು. 2023ರಲ್ಲಿ ಏರ್ ಇಂಡಿಯಾದ ಹೊಸ ಒಪ್ಪಂದ ಖಾತರಿಯನ್ನು 40 ಗಂಟೆಗೆ ಇಳಿಸಿದಾಗ ಅಲ್ಲಿನ ಪೈಲಟ್ ಸಂಘಗಳು ವಿರೋಧಿಸಿದ್ದವು. ಅವರದು ಬಹುಪಾಲು ದೊಡ್ಡ ಜೆಟ್‌ಗಳು. ಸಣ್ಣ ವಿಮಾನದವರಿಗೆ ಅದೇ ಇಳಿಕೆ ಇನ್ನಷ್ಟು ಭಾರ.

ಉತ್ತರ: ಲೆಕ್ಕ ವಿಭಾಗ

ಕ್ಯಾಪ್ಟನ್ ಹೇಳಿದ ಗಣಿತವನ್ನು ಒಪ್ಪುತ್ತೇನೆ. ಆದರೂ ಮೇಜಿನ ಈಚೆ ಬದಿಯನ್ನೂ ಹೇಳಬೇಕು. ನಾನು ಇಂಥದೇ ಒಂದು ಸಂಸ್ಥೆಯ ಹಣಕಾಸು ವಿಭಾಗದಲ್ಲಿದ್ದವನು. 180 ಆಸನದ ಜೆಟ್‌ಗೂ ಇಬ್ಬರೇ ಪೈಲಟ್, 72 ಆಸನದ ಎಟಿಆರ್‌ಗೂ ಇಬ್ಬರೇ. ಒಂದೇ ಸಂಬಳ ಕೊಟ್ಟರೆ ಒಂದು ಆಸನದ ಮೇಲೆ ಬೀಳುವ ಪೈಲಟ್ ವೆಚ್ಚ ಎರಡೂವರೆ ಪಟ್ಟು. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆ 2017ರಲ್ಲಿ ಹಾರಾಟಕ್ಕೆ ಇಳಿದಾಗ ಒಂದು ಗಂಟೆಯ ಪ್ರಯಾಣಕ್ಕೆ, ನಿಗದಿತ ಆಸನಗಳಲ್ಲಿ, ಸುಮಾರು 2,500 ರೂಪಾಯಿ ಮಿತಿ ಇಟ್ಟರು. ಖರ್ಚಿಗೂ ಆದಾಯಕ್ಕೂ ನಡುವಿನ ಅಂತರವನ್ನು ತುಂಬಿಕೊಡುವ ಸರ್ಕಾರಿ ನೆರವು ಮೂರು ವರ್ಷಕ್ಕೆ ಮಾತ್ರ, ಅದೂ ಕಡಿಮೆ ಕೇಳಿದವರಿಗೆ. ಹರಾಜಿನಲ್ಲಿ ಗೆಲ್ಲಲು ಎಲ್ಲಿ ಕತ್ತರಿ ಹಾಕುವುದು? ಇಂಧನದ ಬೆಲೆ ನಮ್ಮ ಕೈಯಲ್ಲಿಲ್ಲ, ವಿಮಾನದ ಬಾಡಿಗೆ ಡಾಲರಿನಲ್ಲಿ. ಉಳಿಯುವುದು ಸಂಬಳ.

ನಮ್ಮ ಊರಿನದೇ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಕಾಗದದಲ್ಲಿ 70 ಗಂಟೆ ಇದ್ದು ಕೈಗೆ ಬಾರದಿರುವುದಕ್ಕಿಂತ 40 ಗಂಟೆ ಬರುವುದು ಮೇಲು ಎಂದು ನಿರ್ವಾಹಕರು ಹೇಳಿದರೆ ಅದು ಬರೀ ನೆಪವಲ್ಲ. ಇನ್ನೊಂದು ವಿಷಯವಿದೆ. ಭಾರತದಲ್ಲಿ 200 ಗಂಟೆ ಹಾರಿಸಿ ಲೈಸೆನ್ಸ್ ಪಡೆದವರು ಕೋ-ಪೈಲಟ್ ಆಗಬಹುದು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಎಂಬ ಮೇಲ್ದರ್ಜೆಯ ಲೈಸೆನ್ಸಿಗೆ 1,500 ಗಂಟೆ ಬೇಕು. ಕೆಲಸಕ್ಕೆ ಕಾಯುತ್ತಿರುವ 200 ಗಂಟೆಯವರು ಬಹಳ, ಕ್ಯಾಪ್ಟನ್‌ಗಳು ವಿರಳ. ಸಂಬಳ ಆ ಹಾದಿಯಲ್ಲೇ ಹೋಗುತ್ತದೆ, ಕಹಿಯಾದರೂ.

ಉತ್ತರ: ಎಡಸೀಟು

ಲೆಕ್ಕದವರ ಲೆಕ್ಕವನ್ನೇ ಮುಂದುವರಿಸುತ್ತೇನೆ. ಇಬ್ಬರು ಪೈಲಟ್‌ಗಳಿಗೂ ಗಂಟೆಗೆ ತಲಾ ಸಾವಿರ ರೂಪಾಯಿ ಹೆಚ್ಚು ಕೊಡಿ. 72 ಆಸನದಲ್ಲಿ 50 ಮಂದಿಯಷ್ಟೇ ಇದ್ದರೂ, ಒಂದು ಗಂಟೆಯ ಸೆಕ್ಟರಿನಲ್ಲಿ, ಟಿಕೆಟ್ಟಿಗೆ ಬೀಳುವುದು 40 ರೂಪಾಯಿ. ಈ ಊರಿನ ವಿಮಾನ ನಿಲ್ದಾಣದೊಳಗೆ 40 ರೂಪಾಯಿಗೆ ಏನು ಸಿಗುತ್ತದೆಂದು ಓದುಗರಿಗೆ ಗೊತ್ತು. ಮೇಲಾಗಿ 80ಕ್ಕಿಂತ ಕಡಿಮೆ ಆಸನದ ವಿಮಾನಗಳಿಗೆ ಇಳಿಯುವ ಶುಲ್ಕದಲ್ಲಿ ಸಿಕ್ಕಿರುವ ವಿನಾಯಿತಿಯನ್ನು ತಾವು ಹೇಳಲಿಲ್ಲ. ಆ ಉಳಿತಾಯ ಯಾವ ಖಾತೆಗೆ ಹೋಗುತ್ತದೆ?

"ಕಾಯುತ್ತಿರುವವರು ಬಹಳ" ಎಂಬ ಮಾತಿಗೂ ಒಂದು ಉತ್ತರವಿದೆ. ಕಾಯುವವರು ಬಹಳವಿರುವಾಗ ಕೆಲಸದಲ್ಲಿರುವವರನ್ನು ಬಾಂಡ್ ಹಾಕಿ ಹಿಡಿದಿಡುವುದು ಏಕೆ? ಕೋ-ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕೆಂದು 2017ರಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ನಿಯಮ ಮಾಡಿತು. ಸಂಬಳಕ್ಕೆ ಮಾರುಕಟ್ಟೆ, ರಾಜೀನಾಮೆಗೆ ಮಾತ್ರ ನಿಯಮ.

ಉತ್ತರ: ಹಳೆ ವಿಮಾನಪುರ

ನಾನು ಪೈಲಟ್ ಅಲ್ಲ. ವಿಮಾನ ಸುರಕ್ಷತೆಗೆ ಸಂಬಂಧಿಸಿದ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ಅಪಘಾತದ ವರದಿಗಳನ್ನು ಓದುವುದು ಈಗಲೂ ಬಿಟ್ಟಿಲ್ಲ. ಇಲ್ಲಿ ಯಾರೂ ಎತ್ತದ ಒಂದು ಸಂಗತಿಯನ್ನು ಹೇಳಬೇಕೆನಿಸಿತು.

2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೊ ನಗರದ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ವಿಮಾನ ಬಿದ್ದು 50 ಮಂದಿ ಸತ್ತರು. ಅದೂ ಎಟಿಆರ್‌ನಂಥ ಎರಡು ಪ್ರೊಪೆಲರಿನ ವಿಮಾನ. ಕೋ-ಪೈಲಟ್‌ನ ವರ್ಷದ ಸಂಪಾದನೆ 25 ಸಾವಿರ ಡಾಲರನ್ನೂ ಮುಟ್ಟುತ್ತಿರಲಿಲ್ಲ. ಆಕೆಯ ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ನ್ಯೂಯಾರ್ಕಿನ ಪಕ್ಕದ ನೆವಾರ್ಕ್. ವಾಸ ದೇಶದ ಇನ್ನೊಂದು ತುದಿಯ ಸಿಯಾಟಲ್ ಬಳಿ, ತಂದೆತಾಯಿಯ ಮನೆಯಲ್ಲಿ. ಹಿಂದಿನ ರಾತ್ರಿಯೆಲ್ಲ ಸರಕು ವಿಮಾನಗಳಲ್ಲಿ ಕುಳಿತು ಡ್ಯೂಟಿಗೆ ಬಂದಿದ್ದರು. ಇಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು: ವಿಮಾನ ತೇಲುವ ಶಕ್ತಿ ಕಳೆದುಕೊಳ್ಳುವ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಎಂದು ತನಿಖಾ ಮಂಡಳಿ ಹೇಳಿತು, ಸಂಬಳ ಕಾರಣ ಎಂದಲ್ಲ. ಆದರೆ ಬೇಸ್ ಇರುವ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಲಾಗದ ಸಂಬಳ ಎಂಥದ್ದೆಂದು ಆ ದೇಶ ಕೇಳಿಕೊಂಡದ್ದು ಆ ವಿಚಾರಣೆಯಲ್ಲಿ. 2013ರಿಂದ ಅಲ್ಲಿ ಕೋ-ಪೈಲಟ್ ಆಗಲೂ ಸಾಮಾನ್ಯವಾಗಿ 1,500 ಗಂಟೆ ಬೇಕಾಯಿತು. ಕೋವಿಡ್ ನಂತರ ಪೈಲಟ್‌ಗಳೇ ಸಿಗದೆ ಹೋದಾಗ, 2022ರಲ್ಲಿ, ಅಮೆರಿಕನ್ ಏರ್‌ಲೈನ್ಸಿನ ಅಂಗಸಂಸ್ಥೆಗಳು ಹೊಸ ಕೋ-ಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡಲು ಮುಂದಾದವು. ವರ್ಷಗಳ ಕಾಲ ಇಲ್ಲದ ಹಣ ಆಗ ಸಿಕ್ಕಿತು.

ನಮ್ಮಲ್ಲಿ ಡಿಜಿಸಿಎ 2024ರಲ್ಲಿ ಪ್ರಕಟಿಸಿದ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು. ಒಳ್ಳೆಯದೇ. ಆದರೆ ಸಂಬಳ ಬ್ಲಾಕ್ ಅವರ್‌ಗೆ ಅಂಟಿಕೊಂಡಿದ್ದರೆ, ವಿಶ್ರಾಂತಿ ಹೆಚ್ಚಿದಷ್ಟೂ ಹಾರಾಟ ಇಳಿದು ಭತ್ಯೆ ಇಳಿಯುತ್ತದೆ. ಆ ವಿಶ್ರಾಂತಿಯ ಬೆಲೆಯನ್ನು ಪೈಲಟ್ ತನ್ನ ಜೇಬಿನಿಂದಲೇ ತೆತ್ತಂತಾಗುತ್ತದೆ. "ಇವತ್ತು ದಣಿದಿದ್ದೇನೆ, ಹಾರಿಸಲಾರೆ" ಎಂದು ಹೇಳುವ ಹಕ್ಕು ನಿಯಮದಲ್ಲಿದೆ. 72 ಸಾವಿರದ ಕಂತು ಇರುವ ಹುಡುಗಿ, 40ರ ಖಾತರಿಯಲ್ಲಿ, ಅದನ್ನು ಎಷ್ಟು ಸಲ ಹೇಳಿಯಾಳು? ಖಾತರಿ ಗಂಟೆಯನ್ನು ನಾನು ಸುರಕ್ಷತೆಯ ವಿಷಯವೆಂದು ನೋಡುವುದು ಇದಕ್ಕೇ.

ಪ್ರಶ್ನಿಸಿದವರು: ರಾಜಾಜಿನಗರ ನಿವೃತ್ತ

ಎಲ್ಲರಿಗೂ ಕೃತಜ್ಞತೆಗಳು. ಎಡಸೀಟು ಅವರ ಉತ್ತರವನ್ನು ಮಗಳಿಗೆ ಓದಿಸಿದೆ. ಅಡ್ಡಗಾಳಿಯ ವಿಷಯ ಬಂದಾಗ ಅವಳ ತಾಯಿಯ ಕಡೆ ನೋಡಿ, "ಅಪ್ಪ, ಆ ಭಾಗ ಬಿಟ್ಟು ಓದಿ" ಎಂದಳು. ಸಭೆಯಲ್ಲಿ ಅವಳೂ ಇನ್ನಿಬ್ಬರೂ ಸೇರಿ 70ರ ಖಾತರಿಯನ್ನೇ ಉಳಿಸಬೇಕೆಂದು ಕೇಳುತ್ತಾರೆ. ಅದಾಗದಿದ್ದರೆ, ನಾಲ್ಕಕ್ಕಿಂತ ಹೆಚ್ಚು ಸೆಕ್ಟರ್ ಇರುವ ದಿನ ಪ್ರತಿ ಇಳಿತಕ್ಕೂ ಒಂದು ನಿಗದಿತ ಮೊತ್ತ ಕೊಡಬೇಕೆಂದು ಕೇಳುವ ಯೋಚನೆ. ಲೆಕ್ಕ ವಿಭಾಗದವರೇ, ಎರಡನೆಯದನ್ನು ನಿಮ್ಮಂಥವರು ಒಪ್ಪುತ್ತಿದ್ದಿರಾ?

ಉತ್ತರ: ಲೆಕ್ಕ ವಿಭಾಗ

ಎರಡನೆಯದನ್ನೇ ಬೇಗ ಒಪ್ಪುತ್ತಿದ್ದೆ, ಸರ್. ವಿಮಾನ ಹಾರಿದ ದಿನ ಮಾತ್ರ ಬರುವ ಖರ್ಚು ಅದು. ಟಿಕೆಟ್ಟಿನ ಹಣವೂ ಅಂದೇ ಬಂದಿರುತ್ತದೆ. ಆದರೆ ನಿಮ್ಮ 33 ಗಂಟೆಯ ತಿಂಗಳಿಗೆ ಅದರಿಂದ ಉಪಯೋಗವಿಲ್ಲ. ಆದ್ದರಿಂದ ಖಾತರಿಯನ್ನು ಮೊದಲೇ ಬಿಟ್ಟುಕೊಡಬೇಡಿ. ಕನಿಷ್ಠ ಸಂಸ್ಥೆಯ ಕಾರಣದಿಂದ ವಿಮಾನ ನಿಂತ ತಿಂಗಳಿಗಾದರೂ 70 ಎಂದು ಬರೆಸಿಕೊಳ್ಳಲಿ.

ಉತ್ತರ: ಎಡಸೀಟು

ಸ್ಟ್ಯಾಂಡ್‌ಬೈ ದಿನಗಳನ್ನು ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿದ್ದೀರಾ, ಸರ್? ಇಲ್ಲದಿದ್ದರೆ ಇವತ್ತೇ ಮಗಳ ರೋಸ್ಟರ್ ನೋಡಿ ಏಳು ತಿಂಗಳದ್ದನ್ನೂ ಗುರುತಿಸಿಬಿಡಿ. ಫೋನು ಕೈಯಲ್ಲಿ ಹಿಡಿದು, ಊರು ಬಿಡದೆ, ಕರೆ ಬಾರದೆ ಕಳೆದ ದಿನಗಳಿಗೆ ಹೊಸ ಪತ್ರದಲ್ಲಿ ಎಷ್ಟು ಗಂಟೆ ಕೊಟ್ಟಿದ್ದಾರೆಂದು ಸಭೆಯಲ್ಲಿ ಮೊದಲು ಅದನ್ನೇ ಕೇಳಲಿ.