ಬರೆ (ಗುಡ್ಡದ ಮಣ್ಣಿನ ಏರು) ಕಡಿದು ಕಟ್ಟಿದ ಮರಗೆಲಸದ ಕೋಣೆ: ಮಳೆಗಾಲದಲ್ಲಿ ಗೋಡೆ ಒಸರುತ್ತಿದೆ, ಏನು ಮಾಡಲಿ?

ಕೀಸುಳಿ_ಪೆರ್ಲ (ಜುಲೈ 4)
ಕಾಸರಗೋಡಿನ ಪೆರ್ಲದ ಹತ್ತಿರ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ 16 × 12 ಅಡಿಯ ಮರಗೆಲಸದ ಕೋಣೆ ಕಟ್ಟಿಸಿದ್ದೇನೆ. ಮೇಲಿನ ಬದಿ ಬರೆ ಕಡಿದು ನಾಲ್ಕಡಿ ಮಣ್ಣಿನೊಳಗೆ, ಕೆಳಗಿನ ಬದಿ ಅಂಗಳದ ಮಟ್ಟಕ್ಕೇ ಬಾಗಿಲು. ಮಾಡು (ಸೂರು) ತಗ್ಗಿದ್ದರೆ ಮನೆಗೆ ಗಾಳಿ ತಡೆಯುವುದಿಲ್ಲ, ಗರಗಸದ ಸದ್ದೂ ನೆರೆಮನೆಗೆ ಕಡಿಮೆ ಅಂತ ಲೆಕ್ಕ. ಕೆಂಪುಕಲ್ಲಿನ ಗೋಡೆ, ಒಳಗೆ ಸಿಮೆಂಟ್ ಸಾರಣೆ. ಬೇಸಿಗೆಯಲ್ಲಿ ಬಹಳ ತಂಪು. ಜೂನ್ ಎರಡನೇ ವಾರದಿಂದ ಮೇಲಿನ ಬದಿಯ ಗೋಡೆ ಬುಡದಿಂದ ಎರಡಡಿ ಒದ್ದೆ, ಮೂಲೆಯಲ್ಲಿ ನೀರು, ಉಳಿಗಳಿಗೆಲ್ಲ ತುಕ್ಕು. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆದೆ, ಹದಿನೈದು ದಿನದಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಇನ್ನು ಯಾವ ಪೇಂಟ್ ಒಳ್ಳೆಯದು?

ಅಡಿಕೆತೋಟ (ಜುಲೈ 4)
ಮೀನು ಸಾಕಿ ಮಾರಾಯ್ರೆ 😀

ಹಳೇ_ಮೇಸ್ತ್ರಿ (ಜುಲೈ 5)
ಪೇಂಟಿನ ದುಡ್ಡು ಉಳಿಸಿ. ಮೊದಲು ಒಂದು ಪರೀಕ್ಷೆ. ಗೋಡೆಯ ಒಣಗಿದ ಜಾಗದಲ್ಲಿ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕೂತರೆ ನೀರು ಮಣ್ಣಿನಿಂದ ಬರುತ್ತಿದೆ. ಮುಂದೆ ಕೂತರೆ ಗೋಡೆ ಬೆವರುತ್ತಿದೆ. ಆಗ ಕಿಟಕಿ ತೆರೆದಿಟ್ಟೂ ಪ್ರಯೋಜನವಿಲ್ಲ, ಮಳೆಗಾಲದ ಗಾಳಿಯೇ ಒದ್ದೆ.
ಮತ್ತೆ, ಬರೆಗೂ ಗೋಡೆಗೂ ನಡುವೆ ಏನು ತುಂಬಿಸಿದ್ದೀರಿ? ಮಾಡಿನ ನೀರು ಎಲ್ಲಿಗೆ ಬೀಳುತ್ತದೆ?

ಕೀಸುಳಿ_ಪೆರ್ಲ (ಜುಲೈ 8)
ಹನಿ ಹಿಂದೆಯೇ ಅಣ್ಣ. ಎರಡಡಿ ಸಂದು ಇತ್ತು, ಅಗೆದ ಮಣ್ಣನ್ನೇ ತುಂಬಿಸಿದ್ದು. ಮಾಡಿನ ನೀರು... ಅದೇ ಬದಿಗೆ ಬೀಳುತ್ತದೆ.

ಹಳೇ_ಮೇಸ್ತ್ರಿ (ಜುಲೈ 8)
ಹಾಗಾದರೆ ನೀವು ಗೋಡೆಯ ಹಿಂದೆ ಒಂದು ಕೆರೆ ಕಟ್ಟಿದ್ದೀರಿ. ಒಂದೇ ದಿನ 100 ಮಿ.ಮೀ. ಸುರಿದರೆ ನಿಮ್ಮ ಮಾಡಿನಿಂದ ಮಾತ್ರ 1,700 ಲೀಟರ್ ದಾಟುತ್ತದೆ. ಆ ಸಂದಿನಲ್ಲಿ ನಾಲ್ಕಡಿ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದವನ್ನು 700 ಕೆಜಿಗೂ ಮಿಕ್ಕಿ ತಳ್ಳುತ್ತದೆ, ಮಣ್ಣಿನ ಭಾರ ಬೇರೆ. ಒಳಗಿನ ಪೇಂಟ್ ಏಳದೆ ಏನು ಮಾಡೀತು?

ನಿಮ್ಮ ಊರಿನ ನೀರಿನ ಸುರಂಗಗಳನ್ನೇ ನೋಡಿ. ಗುಡ್ಡವನ್ನು ಅಡ್ಡಕ್ಕೆ ಕೊರೆದರೆ ನೀರು ತಾನಾಗಿ ಹರಿದು ಬರುತ್ತದಲ್ಲ? ಮುರಕಲ್ಲಿನ (ಕೆಂಪುಕಲ್ಲಿನ) ತೂತುಗಳಲ್ಲಿ ಇಳಿದ ಮಳೆನೀರು ಅಡಿಯ ಶೇಡಿ (ಜೇಡಿಯಂಥ ನುಣುಪು) ಮಣ್ಣು ಸಿಕ್ಕಿದಲ್ಲಿ ತಡೆದು ಅಡ್ಡಕ್ಕೆ ಹರಿಯುತ್ತದೆ. ನೀವು ಕಡಿದ ಬರೆಯೂ ಅದೇ ಗುಡ್ಡದ್ದು. ಸುರಂಗ ತೋಡಿದವರು ನೀರು ಹೊರಗೆ ಬರಲಿ ಅಂತ ತಳಕ್ಕೆ ಇಳಿಜಾರು ಕೊಟ್ಟರು, ನೀವು ಬಾಯಿ ಮುಚ್ಚಿ ಕೂತಿದ್ದೀರಿ.

ಈಗ ಮಾಡಿನ ಅಂಚಿಗೆ ದಂಬೆ (ನೀರು ಹರಿಯುವ ದೋಣಿ) ಹಾಕಿ ನೀರನ್ನು ಕೆಳಗಿನ ಬದಿಗೆ ತಿರುಗಿಸಿ, ಬರೆಯ ತಲೆಯ ಮೇಲೆ ಒಂದು ಕಣಿ (ಚರಂಡಿ) ತೆಗೆಯಿರಿ. ಅಷ್ಟರಲ್ಲೇ ಅರ್ಧ ನೀರು ಬರುವುದು ನಿಲ್ಲುತ್ತದೆ. ಗೋಡೆಯ ಹಿಂದೆ ಮಾತ್ರ ಮಳೆಗಾಲದಲ್ಲಿ ಅಗೆಯಬೇಡಿ! ನೀರು ಕುಡಿದ ಶೇಡಿ ಒಮ್ಮೆಲೇ ಜರಿಯುತ್ತದೆ, ಒಳಗಿದ್ದವರು ಮಣ್ಣಿನಡಿ.

ಜನವರಿಯಲ್ಲಿ ಆರಾರು ಅಡಿಯ ತುಂಡಾಗಿ ಅಗೆಸಿ, ಒಂದು ಮುಗಿಸಿ ಇನ್ನೊಂದು. ಗೋಡೆಯ ಹೊರಮೈಗೆ ಸಾರಣೆ, ಅದು ಒಣಗಿದ ಮೇಲೆ ವಾಟರ್‌ಪ್ರೂಫ್ ಲೇಪ. ಬುಡದಲ್ಲಿ, ಒಳಗಿನ ನೆಲಕ್ಕಿಂತ ಕೆಳಗೆ, ನಾಲ್ಕಿಂಚಿನ ತೂತಿನ ಪಿವಿಸಿ ಪೈಪ್, ತೂತು ಕೆಳಮುಖ. ನೂರು ಅಡಿಗೆ ಒಂದಡಿ ಇಳಿಜಾರು ಸಾಕು. ಸುತ್ತ ಜಲ್ಲಿ, ಜಲ್ಲಿಯ ಸುತ್ತ ಜಿಯೋಟೆಕ್ಸ್‌ಟೈಲ್ ಬಟ್ಟೆ, ಇಲ್ಲವಾದರೆ ಮಣ್ಣು ಸೇರಿ ಪೈಪ್ ಕಟ್ಟಿಕೊಳ್ಳುತ್ತದೆ. ಮೇಲಿನ ಒಂದಡಿ ಮಾತ್ರ ಗಟ್ಟಿ ಮಣ್ಣು ತುಳಿಸಿ. ಪತ್ತನಾಜೆಯ (ಮೇ 24ರ ಸುಮಾರಿನ) ಒಳಗೆ ಮುಗಿಯಬೇಕು.

ಕುಂಬಳೆ_ಕರೆಂಟು (ಜುಲೈ 9)
ಇಷ್ಟೆಲ್ಲ ಯಾಕೆ, ಮೂಲೆಯಲ್ಲಿ ಹೊಂಡ ತೆಗೆದು ಆಟೋಮ್ಯಾಟಿಕ್ ಪಂಪ್ ಇಟ್ಟರೆ ಸಾಲದಾ?

ಹಳೇ_ಮೇಸ್ತ್ರಿ (ಜುಲೈ 9)
ಪಂಪ್ ಬೇಕಾಗುವ ರಾತ್ರಿಯೇ ಕರೆಂಟ್ ಇರುವುದಿಲ್ಲ. ಸಮತಟ್ಟು ಜಾಗವಾದರೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಇಳಿಜಾರು ಇದ್ದವರಿಗೆ ಪಂಪ್ ಯಾಕೆ?

ಕೀಸುಳಿ_ಪೆರ್ಲ (ಮರುವರ್ಷ, ಜೂನ್ 21)
ಹೇಳಿದ ಹಾಗೆಯೇ ಮಾಡಿಸಿದೆ. ಜಲ್ಲಿ ಹೊರುವುದೇ ದೊಡ್ಡ ಕೆಲಸವಾಯಿತು, ಲಾರಿ ಹಿತ್ತಿಲಿಗೆ ಬರುವುದಿಲ್ಲ. ಮೂರು ದಿನದಿಂದ ಬಿಡದೆ ಮಳೆ, ಗೋಡೆ ಒಣಗಿದೆ, ಪೈಪಿನಿಂದ ಹೆಬ್ಬೆರಳಿನಷ್ಟು ದಪ್ಪಕ್ಕೆ ನೀರು ತೋಟಕ್ಕೆ ಹೋಗುತ್ತಿದೆ. ಪೈಪಿನ ಬಾಯಿಯಲ್ಲಿ ಒಂದು ಕಪ್ಪೆ ಬಿಡಾರ ಹೂಡಿದೆ. ಬಲೆ ಹಾಕಬೇಕಾ?

ಹಳೇ_ಮೇಸ್ತ್ರಿ (ಜೂನ್ 21)
ಹಾಕಿ. ಕಪ್ಪೆಯ ಹಿಂದೆ ಕೇರೆಹಾವು ಬರುವ ಮೊದಲೇ.