ಪೈಥಾನ್‌ನ ಟೆಕ್ಸ್ಟ್‌ವ್ರ್ಯಾಪ್ ಒತ್ತಕ್ಷರಗಳನ್ನು ಒಡೆಯುತ್ತದೆ: ಇದನ್ನು ಎಲ್ಲಿ, ಹೇಗೆ ಸರಿಪಡಿಸಬೇಕು?

ಪ್ರಶ್ನೆ

ನಮಸ್ಕಾರ. ಕಿರಿದಾದ ಕಾಲಮ್‌ಗಳಲ್ಲಿ ಕನ್ನಡ ಪಠ್ಯವನ್ನು ತೋರಿಸುವ ಒಂದು ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಸಾಲು ಮುರಿಯುವ ಕೆಲಸಕ್ಕೆ ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ 2.3ನೆಯ ಆವೃತ್ತಿಯಿಂದಲೂ ಇರುವ ಟೆಕ್ಸ್ಟ್‌ವ್ರ್ಯಾಪ್ ಮಾಡ್ಯೂಲನ್ನು ಬಳಸಿದ್ದೇನೆ. ಪದಗಳ ನಡುವಿನ ಖಾಲಿ ಜಾಗದಲ್ಲಿ ಸಾಲು ಮುರಿದಾಗ ಎಲ್ಲವೂ ಸರಿಯಾಗಿದೆ. ಆದರೆ ಒಂದೇ ಪದ ಸಾಲಿಗಿಂತ ಉದ್ದವಾದರೆ ಅದು ಪದವನ್ನು ಸಿಕ್ಕಲ್ಲಿ ತುಂಡರಿಸುತ್ತದೆ. ‘ಅಂತರರಾಷ್ಟ್ರೀಯ’ ಎಂಬ ಪದಕ್ಕೆ ಅಗಲ 7 ಎಂದು ಕೊಟ್ಟರೆ ಮೊದಲ ಸಾಲು ‘ಅಂತರರಾಷ’ ಎಂದು ಮುಗಿಯುತ್ತದೆ, ಎರಡನೆಯ ಸಾಲು ಹಲಂತದಿಂದ ಶುರುವಾಗಿ, ಆಧಾರವಿಲ್ಲದ ಆ ಚಿಹ್ನೆಯ ಕೆಳಗೆ ಚುಕ್ಕಿಗಳ ವೃತ್ತ ಕಾಣಿಸುತ್ತದೆ. ಅಗಲ 5 ಆದರೆ ಎರಡನೆಯ ಸಾಲಿನ ಆರಂಭದಲ್ಲಿ ಒಂಟಿ ದೀರ್ಘದ ಚಿಹ್ನೆ ಬರುತ್ತದೆ.

ಮೂಲ ಕೋಡ್ ತೆರೆದು ನೋಡಿದಾಗ, ಉದ್ದದ ಪದಗಳನ್ನು ನಿಭಾಯಿಸುವ ಒಳಗಿನ ಫಂಕ್ಷನ್ ಉಳಿದ ಜಾಗಕ್ಕೆ ಹಿಡಿಯುವಷ್ಟು ಯುನಿಕೋಡ್ ಸಂಕೇತಗಳನ್ನು, ಅಂದರೆ ಕೋಡ್ ಪಾಯಿಂಟ್‌ಗಳನ್ನು ಎಣಿಸಿ ಅಲ್ಲಿಯೇ ಕತ್ತರಿಸುವುದು ಕಂಡಿತು. ಕತ್ತರಿಸುವ ಜಾಗದ ಮುಂದಿನ ಸಂಕೇತಕ್ಕೆ ಯುನಿಕೋಡ್‌ಡೇಟಾ ಮಾಡ್ಯೂಲಿನ ಕಂಬೈನಿಂಗ್ ಫಂಕ್ಷನ್ ಸೊನ್ನೆಯಲ್ಲದ ಮೌಲ್ಯ ಕೊಟ್ಟರೆ ಒಂದು ಹೆಜ್ಜೆ ಹಿಂದೆ ಸರಿಯುವಂತೆ ಅದನ್ನು ತಿದ್ದಿದೆ. ಅಗಲ 7ರ ತೊಂದರೆ ಹೋಯಿತು, ಅಗಲ 5ರ ತೊಂದರೆ ಹಾಗೆಯೇ ಉಳಿಯಿತು. ನಾನು ತಪ್ಪಿದ್ದೆಲ್ಲಿ? ಇದನ್ನು ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಸರಿಪಡಿಸಿಕೊಳ್ಳಬೇಕೋ, ಲೈಬ್ರರಿಗೇ ಪ್ಯಾಚ್ (ತಿದ್ದುಪಡಿ) ಕಳುಹಿಸಬೇಕೋ?

ಮೊದಲ ಉತ್ತರ

ನೀವು ಬಳಸಿದ ಫಂಕ್ಷನ್‌ನ ಹೆಸರು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಒಂದು ಸಂಕೇತ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಒಂದೇ ಅಕ್ಷರಕ್ಕೆ ಹಲವು ಚಿಹ್ನೆಗಳು ಅಂಟಿದಾಗ ಅವುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂದು ನಾರ್ಮಲೈಸೇಷನ್ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದೇ ರೂಪಕ್ಕೆ ತರುವ) ಹಂತಕ್ಕೆ ಬೇಕಾಗುವ ವರ್ಗಸಂಖ್ಯೆಯನ್ನು ಮಾತ್ರ ಕೊಡುತ್ತದೆ. ಕನ್ನಡದಲ್ಲಿ ಹಲಂತಕ್ಕೆ ಈ ಸಂಖ್ಯೆ 9, ನುಕ್ತಕ್ಕೆ 7. ಸ್ವರ ಚಿಹ್ನೆಗಳು, ಅನುಸ್ವಾರ ಮತ್ತು ವಿಸರ್ಗಗಳಿಗೆ 0. ಆದ್ದರಿಂದ ನಿಮ್ಮ ತಿದ್ದುಪಡಿ ಹಲಂತವನ್ನು ಹಿಡಿಯಿತು, ದೀರ್ಘವನ್ನು ಬಿಟ್ಟುಬಿಟ್ಟಿತು.

ನೀವು ನೋಡಬೇಕಾದದ್ದು ಕೆಟಗರಿ ಫಂಕ್ಷನ್. ಅದು ಕೊಡುವ ಎರಡಕ್ಷರದ ಸಂಕೇತದಲ್ಲಿ ಮೊದಲನೆಯದು ಎಮ್ ಆಗಿದ್ದರೆ ಅದು ಚಿಹ್ನೆ ಎಂದರ್ಥ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಗುಡಿಸು, ಎತ್ವ, ಔತ್ವ ಮತ್ತು ಹಲಂತಗಳನ್ನು ಯುನಿಕೋಡ್ ಅಗಲವಿಲ್ಲದ ಚಿಹ್ನೆಗಳ ಗುಂಪಿಗೆ ಸೇರಿಸಿದೆ, ದೀರ್ಘ, ಕೊಂಬು, ಏತ್ವ, ಓತ್ವಗಳನ್ನು ಜಾಗ ತೆಗೆದುಕೊಳ್ಳುವ ಚಿಹ್ನೆಗಳ ಗುಂಪಿಗೆ ಸೇರಿಸಿದೆ. ಮೊದಲ ಗುಂಪನ್ನು ಮಾತ್ರ ಪರೀಕ್ಷಿಸಿದರೆ ‘ಕಿ’ ಉಳಿದು ‘ಕಾ’ ಒಡೆಯುತ್ತದೆ.

ಜೋಡಕಗಳೆನ್ನುವ, ಕಣ್ಣಿಗೆ ಕಾಣದ ಇನ್ನೂ ಎರಡು ಸಂಕೇತಗಳು ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತವೆ, ಏಕೆಂದರೆ ಅವು ಚಿಹ್ನೆಗಳ ವರ್ಗಕ್ಕೇ ಸೇರಿಲ್ಲ. ‘ಸಾಫ್ಟ್‌ವೇರ್’ ಎಂಬಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಬಾರದಂತೆ ತಡೆಯುವ ಝಡ್‌ಡಬ್ಲ್ಯೂಎನ್‌ಜೆ ಒಂದು, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬಾರದಂತೆ ನೋಡಿಕೊಳ್ಳುವ ಝಡ್‌ಡಬ್ಲ್ಯೂಜೆ ಇನ್ನೊಂದು. ಇವೆರಡರ ಹಿಂದೆಯೂ ಕತ್ತರಿಸಬಾರದು. ಝಡ್‌ಡಬ್ಲ್ಯೂಜೆಯ ಮುಂದೆಯೂ ಕೂಡದು. ಝಡ್‌ಡಬ್ಲ್ಯೂಎನ್‌ಜೆಯ ಮುಂದೆ ಕತ್ತರಿಸಬಹುದು. ‘ಸಾಫ್ಟ್’ ಮತ್ತು ‘ವೇರ್’ ನಡುವೆ ಓದುಗನೂ ಅಲ್ಲಿಯೇ ಮುರಿಯುತ್ತಾನೆ.

ಎರಡನೆಯ ಉತ್ತರ

ಹಿಂದೆ ಸರಿಯುವ ಉಪಾಯದಲ್ಲಿ ಅಡಗಿರುವ ಅಪಾಯವನ್ನು ಹೇಳಲೇಬೇಕು. ‘ಷ್ಟ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಆದರೆ ಅದರೊಳಗೆ ಆರು ಕೋಡ್ ಪಾಯಿಂಟ್‌ಗಳಿವೆ. ಅದನ್ನು ಎಲ್ಲಿಯೂ ಒಡೆಯಬಾರದು ಎಂಬ ನಿಯಮವಿಟ್ಟು ಅಗಲ 5 ಕೊಟ್ಟರೆ, ಕತ್ತರಿಸುವ ಜಾಗ ಹಿಂದೆ ಹಿಂದೆ ಸರಿದು ಸೊನ್ನೆಗೆ ಬಂದು ನಿಲ್ಲುತ್ತದೆ. ಆಗ ಸಾಲಿಗೆ ಏನೂ ಸೇರುವುದಿಲ್ಲ, ಉಳಿದ ಪಠ್ಯ ಕರಗುವುದಿಲ್ಲ, ಹೊರಗಿನ ಲೂಪ್ ಕೊನೆಯಿಲ್ಲದೆ ಸುತ್ತುತ್ತದೆ. ತಪ್ಪಾಗಿ ಮುರಿದ ಸಾಲು ಓದುಗನ ಕಣ್ಣಿಗೆ ನೋವು ಕೊಡುತ್ತದೆ, ಮುಗಿಯದ ಲೂಪ್ ಇಡೀ ಸರ್ವರನ್ನು ನಿಲ್ಲಿಸುತ್ತದೆ. ಆದ್ದರಿಂದ ಸಾಲಿನಲ್ಲಿ ಮೊದಲೇ ಏನಾದರೂ ಇದ್ದರೆ ಪದವನ್ನು ಮುಂದಿನ ಸಾಲಿಗೆ ಬಿಡಿ. ಸಾಲು ಖಾಲಿಯಾಗಿದ್ದರೆ ಅಗಲ ಮೀರಿದರೂ ಸರಿ, ಒಂದು ಪೂರ್ಣ ಅಕ್ಷರವನ್ನು ಇಟ್ಟು ಮುಂದೆ ಹೋಗಿ. ಸಾಲಿನ ಉದ್ದ ಕೊಟ್ಟ ಅಗಲವನ್ನು ಮೀರುವುದಿಲ್ಲ ಎಂದು ದಸ್ತಾವೇಜು ಹೇಳುವುದರಿಂದ, ಈ ವಿನಾಯಿತಿಯನ್ನು ಅಲ್ಲಿಯೂ ಬರೆಯಬೇಕಾಗುತ್ತದೆ.

ಎರಡನೆಯದಾಗಿ, ಅಗಲವನ್ನು ಎಣಿಸುವ ಬಗೆಯನ್ನು ಈ ಪ್ಯಾಚ್‌ನಲ್ಲಿ ಮುಟ್ಟಬೇಡಿ. ‘ಕನ್ನಡ’ ಎಂಬ ಪದ ಯುಟಿಎಫ್-8ರಲ್ಲಿ 15 ಬೈಟ್, ಕೋಡ್ ಪಾಯಿಂಟ್‌ಗಳಲ್ಲಿ 5, ಯುನಿಕೋಡ್‌ನ ಗ್ರಾಫೀಮ್ ಕ್ಲಸ್ಟರ್ (ಒಂದೇ ಘಟಕವೆಂದು ಹಿಡಿಯುವ ಸಂಕೇತಗಳ ಗುಂಪು) ಲೆಕ್ಕದಲ್ಲಿ 4, ಓದುವವನ ಲೆಕ್ಕದಲ್ಲಿ 3. ಪರದೆಯ ಮೇಲೆ ಅದು ಹಿಡಿಯುವ ಜಾಗ ಇವು ಯಾವುದಕ್ಕೂ ಸಮನಾಗಿರಬೇಕಿಲ್ಲ, ಅದು ಫಾಂಟಿಗೆ ಬಿಟ್ಟದ್ದು. ಸಿ ಭಾಷೆಯ ಪ್ರಿಂಟ್‌ಎಫ್ ಬೈಟ್‌ಗಳನ್ನು ಎಣಿಸುತ್ತದೆ, ಗೋ ಭಾಷೆ ಕೋಡ್ ಪಾಯಿಂಟ್‌ಗಳನ್ನು ಎಣಿಸುವುದಾಗಿ ದಸ್ತಾವೇಜಿನಲ್ಲಿಯೇ ಹೇಳಿಕೊಂಡಿದೆ, ಸ್ವಿಫ್ಟ್ ತನ್ನ ಸ್ಟ್ರಿಂಗ್‌ನ ಉದ್ದವನ್ನು ಗ್ರಾಫೀಮ್ ಕ್ಲಸ್ಟರ್‌ಗಳಲ್ಲಿ ಕೊಡುತ್ತದೆ. ಪೈಥಾನ್ ಒಮ್ಮೆ ಆರಿಸಿಕೊಂಡ ಅಳತೆಯ ಮೇಲೆ ಎಷ್ಟೋ ಜನರ ಕೋಡ್ ನಿಂತಿರುವುದರಿಂದ ಅದನ್ನು ಬದಲಿಸುವ ಪ್ಯಾಚ್ ಒಪ್ಪಿಗೆ ಪಡೆಯುವುದು ಕಷ್ಟ. ‘ಎಷ್ಟು ಉದ್ದ’ ಎಂಬುದು ಒಂದು ಪ್ರಶ್ನೆ, ‘ಎಲ್ಲಿ ಕತ್ತರಿಸಬಹುದು’ ಎಂಬುದು ಇನ್ನೊಂದು. ಎರಡನೆಯದಕ್ಕೆ ಮಾತ್ರ ಉತ್ತರ ಕೊಡುವ ಪ್ಯಾಚ್ ಚಿಕ್ಕದಾಗಿರುತ್ತದೆ, ಇಂಗ್ಲಿಷ್ ಪಠ್ಯದ ಫಲಿತಾಂಶ ಒಂದಿಷ್ಟೂ ಬದಲಾಗುವುದಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಕೆಟಗರಿ ಪರೀಕ್ಷೆಗೆ ಬದಲಿಸಿ, ಹಲಂತದ ನಂತರ ವ್ಯಂಜನವಿದ್ದರೆ ಕತ್ತರಿಸಬಾರದೆಂಬ ನಿಯಮವನ್ನೂ ಸೇರಿಸಿ ನೋಡಿದೆ. ನೀವು ಹೇಳಿದಂತೆಯೇ ಅಗಲ 5ರಲ್ಲಿ ಪ್ರೋಗ್ರಾಮ್ ನಿಂತುಹೋಯಿತು. ಖಾಲಿ ಸಾಲಿನ ವಿನಾಯಿತಿ ಹಾಕಿದ ಮೇಲೆ ‘ಅಂತರ’, ‘ರಾ’, ‘ಷ್ಟ್ರೀ’, ‘ಯ’ ಎಂಬ ನಾಲ್ಕು ಸಾಲುಗಳು ಬಂದವು.

ಪರೀಕ್ಷಿಸುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಡ್ಡಗೆರೆಯಿರುವ ಜೋಡಿಪದಗಳಲ್ಲಿ ‘ಜನ-ಮನ’ ಗೆರೆಯ ನಂತರ ಸರಿಯಾಗಿ ಮುರಿಯುತ್ತದೆ, ‘ಹಗಲು-ರಾತ್ರಿ’ ಮುರಿಯುವುದಿಲ್ಲ. ಇದೂ ಇದೇ ದೋಷದ ಇನ್ನೊಂದು ಮುಖವೇ?

ಮೂರನೆಯ ಉತ್ತರ

ಅಲ್ಲ, ಅದು ಬೇರೆ ದೋಷ, ಅದರ ಬೇರು ಇನ್ನೂ ಆಳದಲ್ಲಿದೆ. ಟೆಕ್ಸ್ಟ್‌ವ್ರ್ಯಾಪ್ ಪದಗಳನ್ನು ಬೇರ್ಪಡಿಸುವುದು ಅಕ್ಷರಗಳ ಮಾದರಿಯನ್ನು ಹುಡುಕುವ ಸೂತ್ರದ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಮೂಲಕ. ಅಡ್ಡಗೆರೆಯ ಎಡಕ್ಕೆ ಮತ್ತು ಬಲಕ್ಕೆ ಎರಡೆರಡು ಅಕ್ಷರಗಳಿದ್ದರೆ ಅಲ್ಲಿ ಮುರಿಯಬಹುದು ಎಂಬುದು ಅದರ ನಿಯಮ. ಆದರೆ ಪೈಥಾನ್‌ನ ಆರ್‌ಇ ಮಾಡ್ಯೂಲ್ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ, ನಮ್ಮ ಸ್ವರ ಚಿಹ್ನೆಗಳನ್ನು ಎಣಿಸುವುದಿಲ್ಲ. ‘ಜನ’ ಮತ್ತು ‘ಮನ’ಗಳಲ್ಲಿ ಬರೀ ಅಕಾರಾಂತ ವ್ಯಂಜನಗಳಿರುವುದರಿಂದ ನಿಯಮ ಹೊಂದುತ್ತದೆ. ‘ಹಗಲು’ ಕೊಂಬಿನಲ್ಲಿ ಮುಗಿಯುವುದರಿಂದ ಹೊಂದುವುದಿಲ್ಲ. ಯುನಿಕೋಡ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್ ಶಿಫಾರಸು ಚಿಹ್ನೆಗಳನ್ನೂ ಪದದೊಳಗೆ ಸೇರಿಸಬೇಕೆನ್ನುತ್ತದೆ. ಇದನ್ನು ಪ್ರತ್ಯೇಕವಾಗಿ ವರದಿ ಮಾಡಿ. ಒಂದೇ ಪ್ಯಾಚ್‌ನಲ್ಲಿ ಎರಡನ್ನೂ ಬೆರೆಸಿದರೆ ಪರಿಶೀಲಿಸುವವರಿಗೆ ಎರಡೂ ಕಷ್ಟವಾಗುತ್ತವೆ.

ಹಲಂತದ ನಿಯಮದ ಬಗ್ಗೆ ನನಗೆ ಒಂದು ಆಕ್ಷೇಪವಿದೆ. ಅದು ಕನ್ನಡಕ್ಕೆ ಸರಿ, ಎಲ್ಲ ಲಿಪಿಗಳಿಗೂ ಸರಿಯಲ್ಲ. ತಮಿಳಿನಲ್ಲಿ ಪುಳ್ಳಿ (ಅಲ್ಲಿನ ಹಲಂತ) ಇರುವ ವ್ಯಂಜನ ಸಾಮಾನ್ಯವಾಗಿ ಬಿಡಿಯಾಗಿಯೇ ನಿಲ್ಲುತ್ತದೆ, ಅದರ ನಂತರ ಕತ್ತರಿಸಿದರೆ ತಪ್ಪೇನಿಲ್ಲ. 2023ರಲ್ಲಿ ಬಂದ ಯುನಿಕೋಡ್ 15.1 ಸಂಯುಕ್ತಾಕ್ಷರಗಳನ್ನು ಒಡೆಯದಿರುವ ನಿಯಮವನ್ನು ಗ್ರಾಫೀಮ್ ಕ್ಲಸ್ಟರ್‌ಗೆ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಹಲಂತಗಳಿಗೆ ಆ ಆವೃತ್ತಿಯಲ್ಲಿ ಅದು ಅನ್ವಯಿಸಿತು, ಕನ್ನಡಕ್ಕೆ ಅನ್ವಯಿಸಲಿಲ್ಲ. ಹಾಗಾಗಿ ‘ನ್ನ’ ಎಂಬುದು ಆ ಪ್ರಮಾಣದಲ್ಲಿ ಎರಡು ಕ್ಲಸ್ಟರ್‌ಗಳಾಗಿಯೇ ಉಳಿಯಿತು. ಲಿಪಿಗೊಂದು ನಿಯಮವನ್ನು ಕೈಯಿಂದ ಬರೆದು ಸ್ಟ್ಯಾಂಡರ್ಡ್ ಲೈಬ್ರರಿಯೊಳಗೆ ಇಟ್ಟರೆ ಅದನ್ನು ಮುಂದೆ ಕಾಪಾಡುವವರು ಯಾರು ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆ.

ಆದ್ದರಿಂದ ಚಿಹ್ನೆ ಮತ್ತು ಜೋಡಕಗಳ ಸಾಮಾನ್ಯ ನಿಯಮವನ್ನು ಮಾತ್ರ ಲೈಬ್ರರಿಗೆ ಕಳುಹಿಸಿ. ಕತ್ತರಿಸುವ ಜಾಗ ಹುಡುಕುವ ಕೆಲಸವನ್ನು ಪ್ರತ್ಯೇಕ ಮೆಥಡ್ ಆಗಿ ಹೊರಗೆಳೆಯಿರಿ, ಸಬ್‌ಕ್ಲಾಸ್ ಬರೆಯುವವರು ಅದನ್ನು ಬದಲಿಸಿಕೊಳ್ಳುವಂತಿರಲಿ. ಕನ್ನಡದ ಹಲಂತದ ನಿಯಮ ಸದ್ಯಕ್ಕೆ ನಿಮ್ಮ ಸಬ್‌ಕ್ಲಾಸ್‌ನಲ್ಲಿರಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಒಪ್ಪುತ್ತೇನೆ, ಎರಡು ಪ್ರತ್ಯೇಕ ವರದಿಗಳನ್ನು ಸಿದ್ಧಪಡಿಸುತ್ತೇನೆ. ಪ್ಯಾಚ್‌ನ ಜೊತೆಗಿಡುವ ಪರೀಕ್ಷೆಗಳಲ್ಲಿ ಅಗಲ 1ರಿಂದ 20ರವರೆಗೆ ಪ್ರತಿಯೊಂದಕ್ಕೂ, ಉದ್ದದ ಒಂದೇ ಪದದ ತುಂಡುಗಳನ್ನು ಮತ್ತೆ ಕೂಡಿಸಿದರೆ ಮೂಲ ಪದವೇ ಬರಬೇಕು, ಯಾವ ಸಾಲೂ ಚಿಹ್ನೆಯಿಂದ ಶುರುವಾಗಬಾರದು ಎಂದು ನೋಡುತ್ತೇನೆ. ‘ಕೋ’ ಎಂಬುದನ್ನು ಎರಡು ರೂಪಗಳಲ್ಲಿಯೂ ಸೇರಿಸುತ್ತೇನೆ: ನಾರ್ಮಲೈಸೇಷನ್‌ನಲ್ಲಿ ಕೂಡಿಸಿದಾಗ ಅದು 2 ಕೋಡ್ ಪಾಯಿಂಟ್, ಬಿಡಿಸಿದಾಗ 4. ಬಿಡಿಸಿದ ರೂಪ ಅಗಲ 3ರಲ್ಲಿಯೂ ಒಡೆಯದೆ ಉಳಿದರೆ ಪ್ಯಾಚ್ ಕಳುಹಿಸುತ್ತೇನೆ.