ಸೀನನ ಜರ್ನಿ

"ಇವತ್ತಿಂದ ನನ್ ವೆಯ್ಟ್ ಲಾಸ್ ಜರ್ನಿ ಶುರು ಕಣ್ರೋ" ಅಂತ ಸೀನ ಪಾರ್ಕ್ ಬೆಂಚಿನ ಮೇಲೆ ಕೂತ. ಬೆಂಚು ಕಿರ್ರ್ ಅಂತು.

"ಎಲ್ಲಿಗಪ್ಪಾ ಜರ್ನಿ?" ನಾಣಿ ಪೇಪರಿಂದ ಕಣ್ಣೇ ಎತ್ತಲಿಲ್ಲ.

"88 ಕೇಜಿಯಿಂದ 72ಕ್ಕೆ."

"ಸಣ್ಣ ಆಗ್ತೀನಿ ಅನ್ನು, ಸಾಕು. ನಮ್ಮಪ್ಪ ಬೀಡಿ ಬಿಟ್ಟಾಗ ಬೀಡಿ ಬಿಟ್ಟೆ ಅಂದ್ರು ಅಷ್ಟೇ, ಜರ್ನಿ ಗಿರ್ನಿ ಅನ್ಲಿಲ್ಲ. ಈಗ ಮೊಡವೆ ಹೋಗ್ಸೋದೂ ಜರ್ನಿ, ಕೂದ್ಲು ಬೆಳ್ಸೋದೂ ಜರ್ನಿ. ಅದಿರ್ಲಿ, ಟಿಕೆಟ್ ತಗೊಂಡ್ಯಾ?"

"ವರ್ಷದ ಪಾಸೇ ತಗೊಂಡಿದಾನೆ ಜಿಮ್ಮಿಗೆ" ಅಂದ ಗುಂಡಣ್ಣ. "ಹೊಸ ಶೂ, ವಾಚು, ಅಡುಗೆಮನೆಗೊಂದು ತಕ್ಕಡಿ, ಪ್ರೋಟೀನ್ ಡಬ್ಬ. ಲಗೇಜೇ ಜಾಸ್ತಿ ಆಯ್ತು."

ಸೀನ ವಾಚು ತೋರ್ಸಿ, "ದಿನಕ್ಕೆ 10,000 ಹೆಜ್ಜೆ, ಸೈಂಟಿಫಿಕ್" ಅಂದ.

"ಯಾವ ಸೈನ್ಸೋ?" ಅಂದ ನಾಣಿ. "ಟೋಕಿಯೋ ಒಲಿಂಪಿಕ್ಸ್ ಮುಗಿದ ಮಾರನೇ ವರ್ಷ, 1965ರಲ್ಲಿ, ಜಪಾನಿನವರು ಹೆಜ್ಜೆ ಎಣಿಸೋ ಮಿಷನ್ ಒಂದು ಮಾರಿದ್ರು, ಅದರ ಹೆಸರೇ ಹತ್ತು ಸಾವಿರ ಹೆಜ್ಜೆ ಮೀಟರು ಅಂತ. ಅಂಗಡಿ ಬೋರ್ಡ್ ಓದಿ ವೇದ ಅನ್ಕೊಂಡಿದೀಯ ನೀನು."

"ನಡೀಲಿ ಬಿಡೋ, ಒಳ್ಳೇದೇ ತಾನೆ" ಅಂದ್ರು ಶಾಂತಕ್ಕ.

"ನಾನೆಲ್ಲಿ ಬೇಡ ಅಂದೆ ಶಾಂತಕ್ಕ? ಹೋದ ವರ್ಷಾನೂ ಹೊರಟಿದ್ದನಲ್ಲ, ಎಲ್ಲಿವರೆಗೆ ಹೋಗಿದ್ದ ಕೇಳಿ."

"ಮೂರು ಕೇಜಿ ಇಳಿದಿತ್ತು" ಅಂದ ಸೀನ, ಸಣ್ಣ ದನೀಲಿ. "ಆಮೇಲೆ ಭಾಮೈದನ ಮದುವೆಗೆ ಮೈಸೂರಿಗೆ ಹೋದ್ವಿ."

"ಕೆಟ್ಯಲ್ಲೋ! ಆ ದಾರೀಲಿ ಡಯಟ್ ಆಗುತ್ತೇನೋ? ಬಿಡದೀಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಮದ್ದೂರಲ್ಲಿ ವಡೆ, ಅದನ್ನೆಲ್ಲ ತಪ್ಪಿಸ್ಕೊಂಡು ಊರು ಮುಟ್ಟಿದ್ರೆ ಆ ಊರಿನ ಹೆಸರೇ ಪಾಕಿಗೆ ಅಂಟ್ಕೊಂಡು ಕೂತಿದೆ."

"ಅದಕ್ಕೇ ಎಕ್ಸ್‌ಪ್ರೆಸ್‌ವೇ ಮಾಡಿರೋದು" ಅಂದ ಗುಂಡಣ್ಣ. "2023ರಿಂದ ಬಿಡದಿ, ಮದ್ದೂರು ಎಲ್ಲಾ ಬೈಪಾಸ್. ಒಂದೂವರೆ ಗಂಟೇಲಿ ಮೈಸೂರು, ಬಾಯಿಗೆ ಏನೂ ಬೀಳಲ್ಲ."

"ಅದೇ ಕಣೋ ಈ ಅನ್ನ, ಚಪಾತಿ ಬಿಟ್ಟು ಬೆಣ್ಣೆ, ಮೊಟ್ಟೆ ತಿನ್ನೋ ಕೀಟೋ ಡಯಟ್ ಅನ್ನೋದು. ದಾರೀಲಿ ಊರಿಲ್ಲ ಕೇರಿಯಿಲ್ಲ, ಟೋಲ್ ಕಟ್ತಾ ಇರೋದೊಂದೇ. ಬೇಗ ಹೋಗ್ತೀಯ ನಿಜ, ಅಷ್ಟೇ ಬೇಗ ವಾಪಸ್ಸೂ ಬರ್ತೀಯ."

"ಅದೆಲ್ಲ ಯಾಕೆ ಸೀನ" ಶಾಂತಕ್ಕ ಶುರು ಮಾಡಿದ್ರು, "ಅನ್ನ ಒಂದ್ ಸೌಟು ಕಮ್ಮಿ ಮಾಡು, ಪಲ್ಯ ಒಂದ್ ಸೌಟು ಜಾಸ್ತಿ ಬಡಿಸ್ಕೋ, ಸಂಜೆ ಆಫೀಸಿಂದ ಬರ್ತಾ ಎರಡು ಸ್ಟಾಪ್ ಮುಂಚೆ ಇಳಿದು ನಡಿ. ನಿಧಾನಕ್ಕೆ ಇಳಿಯುತ್ತೆ."

"ಅದು ಪ್ಯಾಸೆಂಜರ್ ಗಾಡಿ. ಕಂಡಕಂಡಲ್ಲಿ ನಿಲ್ಲುತ್ತೆ, ಆದ್ರೆ ಹೋಗುತ್ತೆ" ಅಂದ ನಾಣಿ, ಅಂದವನು ಪೇಪರ್ ಮಡಚಿಟ್ಟ.

"ಬೇಸಿಗೆ ರಜಕ್ಕೆ ಅದರಲ್ಲೇ ಹೋಗ್ತಿದ್ವಿ. ಮದ್ದೂರು ಬಂತು ಅಂದ್ರೆ ಗಾಡಿ ನಿಲ್ಲೋಕ್ ಮುಂಚೇನೇ ವಡೆ ವಡೆ ವಡೇ ಅಂತ ಕೂಗು. ಅಪ್ಪ ಕಿಟಕಿಯಿಂದ ಎರಡು ತಗೊಳೋರು, ನಾವು ಐದು ಜನ. ಅಮ್ಮ ಮುರಿದು ಕೊಡೋಳು, ಕೆಂಪಗೆ ಕರಿದು ಈರುಳ್ಳಿ ಕಚ್ಕೊಂಡಿರೋ ಅಂಚು ಯಾರಿಗೆ ಅಂತ ನಮಗೆ ಜಗಳ. ಅಮ್ಮಂಗೆ ಪೇಪರಲ್ಲಿ ಉದುರಿದ ಪುಡಿ. ನಂಗೆ ಎಣ್ಣೇದು ಆಗಲ್ಲ ಕಣೋ ಅಂತಿದ್ಲು. ನಲವತ್ತು ಕೇಜಿ ಇದ್ಲೇನೋ."

ಯಾರೂ ಮಾತಾಡ್ಲಿಲ್ಲ. ಸೀನನ ವಾಚು ಕುಂಯ್ ಅಂತು, ಎದ್ದು ಓಡಾಡಿ ಅಂತ.

"ಎಷ್ಟಾಯ್ತೋ ಹೆಜ್ಜೆ?" ನಾಣಿ ಕೇಳಿದ.

"312."

"ಕಾರ್ನರ್ ಹೋಟೆಲ್ಲಿಗೆ ಹೋಗ್ಬಂದ್ರೆ?"

"ಸಾವಿರ ಆಗ್ಬೋದು."

"ಏಳಿ ಮತ್ತೆ. ನಾಲ್ಕು ಜನಕ್ಕೆ ಎರಡೇ ವಡೆ ಹೇಳೋಣ."

ಸೀನ ಆಗ್ಲೇ ಶೂ ದಾರ ಕಟ್ಕೋತಾ ಇದ್ದ. "ಅಂಚು ನಂಗೆ" ಅಂದ.